ಆಳ್ವಿಕೆಗೂ ಗುಟ್ಟಿಗೂ ನಡುವಿನ ಚುಕ್ಕೆ

ಬೀದರಿನ ಪೇಟೆಯಲ್ಲಿ ಕನ್ನಡದೊಡನೆ ಉರ್ದು, ಭಾಲ್ಕಿ-ಔರಾದಿನ ಕಡೆ ಮರಾಠಿ ನಮ್ಮ ಕಿವಿಗೆ ಬೀಳುತ್ತಲೇ ಇರುತ್ತವೆ. ಉರ್ದುವಿನಲ್ಲಿ 'ರಾಜ್' ಎಂದರೆ ಆಳ್ವಿಕೆ, 'ರಾಜ಼್' ಎಂದರೆ ಗುಟ್ಟು. ಮರಾಠಿಯವರು ಒಂದೇ 'ಜ' ಬರೆದು ಎರಡು ಬಗೆಯಾಗಿ ಓದಿಬಿಡುತ್ತಾರೆ. ಕನ್ನಡದಲ್ಲಿ ನಾವು ಜಕಾರದ ಕೆಳಗೆ ಜೋಡಿ ಚುಕ್ಕೆ ಇಡುತ್ತೇವೆ.

ಕಂಪ್ಯೂಟರಿಗೆ ಅಕ್ಷರವೆಂದರೆ ಒಂದು ಸಂಖ್ಯೆ, ಅಷ್ಟೆ. ಯೂನಿಕೋಡಿನ ಕನ್ನಡ ಪಟ್ಟಿಗೆ ಈ ಚುಕ್ಕೆ ಸೇರಿದ್ದು 2003ರಲ್ಲಿ. ಅದಕ್ಕೆ ತನ್ನದೇ ಸಂಖ್ಯೆಯಿದೆ. 'ಜ' ಒತ್ತಿದ ಮೇಲೆ ಅದನ್ನು ಒತ್ತಬೇಕು. ನಮ್ಮ ಕಣ್ಣಿಗೆ ಒಂದಕ್ಷರ, ಯಂತ್ರಕ್ಕೆ ಎರಡು.

ಅದೇ ಪಟ್ಟಿಯಲ್ಲಿ 'ಫ಼' ಎಂಬ ಹೆಸರಿನ ಅಕ್ಷರವೂ ಇದೆ. ನಮ್ಮ 'ಫ಼ಕೀರ'ನಿಗೆ ಒದಗಿತೆಂದು ಹಿಗ್ಗಬೇಡಿ, ಅದು ಹಳಗನ್ನಡದ 'ೞ'! ಹೆಸರಿಡುವಾಗ ಆದ ತಪ್ಪು. ಒಮ್ಮೆ ಇಟ್ಟ ಹೆಸರನ್ನು ಬದಲಿಸುವಂತಿಲ್ಲವೆಂಬುದು ಯೂನಿಕೋಡಿನ ಕಟ್ಟಳೆ. ಪಕ್ಕದಲ್ಲಿ ಸರಿಯಾದ ಅಡ್ಡಹೆಸರೊಂದನ್ನು ಬರೆದಿಟ್ಟಿದ್ದಾರೆ.

ಇದು ನಗುವ ಮಾತಾಯಿತು. ಆದರೆ ಒಂದು ದಾಖಲೆಯಲ್ಲಿ 'ಅಜ಼ೀಜ಼್', ಇನ್ನೊಂದರಲ್ಲಿ 'ಅಜೀಜ್' ಎಂದು ಬೆರಳಚ್ಚಾದರೆ ಯಂತ್ರದ ಲೆಕ್ಕಕ್ಕೆ ಅವರು ಇಬ್ಬರು ಆಸಾಮಿಗಳು. ಹುಡುಕಿದರೆ ಹೊಲದ ಒಡೆಯನ ಹೆಸರೇ ಸಿಗದೆ ಹೋಗಬಹುದು. ಹುಡುಕುವಾಗ ಚುಕ್ಕೆಯನ್ನು ಗಣಿಸಬೇಡವೆಂದು ತಂತ್ರಾಂಶಕ್ಕೆ ಕಲಿಸಬಹುದು; ಬರೆಯುವಾಗ ಅದನ್ನು ಬಿಡಿರೆಂದು ಮಾತ್ರ ನಾನು ಹೇಳಲಾರೆ.