ಮಗುವಿನ ಅಳು ಕೇಳುವವರು ಯಾರು?



ಪ್ರವಾದಿಯವರು(ಸ) ದೀರ್ಘವಾಗಿ ನಮಾಝ್ ಮಾಡಬೇಕೆಂದು ಆರಂಭಿಸಿದಾಗಲೂ, ಮಗುವಿನ ಅಳು ಕೇಳಿಸಿದರೆ ತಾಯಿಯ ಸಂಕಟ ನೆನೆದು ಅದನ್ನು ಸಂಕ್ಷಿಪ್ತಗೊಳಿಸುತ್ತಿದ್ದರೆಂದು ಬುಖಾರಿಯಲ್ಲಿ ವರದಿಯಾಗಿದೆ.

ಇತ್ತೀಚೆಗೆ ಒಬ್ಬರು 3 ವರ್ಷದ ಮಗಳನ್ನು ಎತ್ತಿಕೊಂಡು ಬಂದು, 'ಉಸ್ತಾದರೇ, ರಾತ್ರಿ ಬೆಚ್ಚಿ ಬೀಳುತ್ತಾಳೆ, ಓದಿ ಊದಿಕೊಡಿ' ಎಂದರು. ಓದಿ ಊದಿದೆ. ಬಳಿಕ, 'ನರ್ಸರಿಯ ಒಳಗೆ ಹೋಗಿ ನೋಡಿದ್ದೀರಾ?' ಎಂದು ಕೇಳಿದೆ. 'ಇಲ್ಲ, ಗೇಟಿನವರೆಗೆ ಬಿಟ್ಟು ಬರುತ್ತೇನೆ' ಎಂದರು. ಮರುದಿನ ಹೋಗಿ ನೋಡಿದರೆ, ಅತ್ತ ಮಕ್ಕಳನ್ನು ಬೇರೆ ಕೋಣೆಯಲ್ಲಿ ಕೂಡಿಹಾಕುತ್ತಿದ್ದರು.

ಮಕ್ಕಳು ಅಲ್ಲಾಹನು ನಮಗೊಪ್ಪಿಸಿದ ಅಮಾನತ್. ಸೇರಿಸುವ ಮುನ್ನ ಮುಂಚಿತವಾಗಿ ತಿಳಿಸದೆ ಒಮ್ಮೆ ಹೋಗಿ, ಅರ್ಧ ಗಂಟೆ ಕುಳಿತು ನೋಡಿ. ಅತ್ತ ಮಗುವನ್ನು ಯಾರು ಎತ್ತಿಕೊಳ್ಳುತ್ತಾರೆ? ಶೌಚಾಲಯಕ್ಕೆ ಯಾರು ಕರೆದೊಯ್ಯುತ್ತಾರೆ? ಒಬ್ಬ ಟೀಚರಿಗೆ ಎಷ್ಟು ಮಕ್ಕಳು? ಯಾರು ಬಂದು ಕೇಳಿದರೂ ಮಗುವನ್ನು ಕಳುಹಿಸಿಬಿಡುತ್ತಾರೆಯೇ? ನಿಮ್ಮನ್ನು ಒಳಗೇ ಬಿಡದಿದ್ದರೆ, ಬೇರೆ ಕಡೆ ಹುಡುಕಿ.

ಇಂಗ್ಲಿಷ್ ಬೋರ್ಡಾಗಲಿ, 'ಇಸ್ಲಾಮಿಕ್' ಎಂಬ ಹೆಸರಾಗಲಿ ಇದ್ದರೆ ಸಾಲದು. ಮನೆ ಹತ್ತಿರದ ಅಂಗನವಾಡಿಯಲ್ಲಿ ಮಮತೆಯ ಟೀಚರ್ ಇದ್ದರೆ ಅದನ್ನು ಕೀಳಾಗಿ ಕಾಣಬೇಡಿ. 3ರಿಂದ 6 ವರ್ಷದ ಮಕ್ಕಳಿಗೆ ಅಲ್ಲಿ ಶುಲ್ಕವಿಲ್ಲದೆ ಕಲಿಕೆಯೂ ಇದೆ, ಊಟವೂ ಇದೆ.

ಅಲ್ಲಾಹನು ನಮ್ಮ ಮಕ್ಕಳನ್ನು ಕಾಪಾಡಲಿ. ಆಮೀನ್.