ಪಿಡುಗಿನ ಕಾಲದ ನೆನಪುಗಳನ್ನು ಕಾಪಾಡೋಣ
(ಸಹಕಾರನಗರದಲ್ಲಿ ಗ್ರಾಮೀಣ ದಂಪತಿಗಳನ್ನು ಕುರಿತು ಮಾಡಿದ ಭಾಷಣ)



ಸಾಂಕ್ರಾಮಿಕ ರೋಗವೊಂದು ಊರನ್ನು ಬಿಟ್ಟು ತೊಲಗಿದ ಮೇಲೆ ಎರಡು ಬಗೆಯ ಲೆಕ್ಕಗಳು ಉಳಿಯುತ್ತವೆ. ಒಂದು ಸರ್ಕಾರದ ಕಡತದಲ್ಲಿರುವುದು. ಇನ್ನೊಂದು ಜನರ ಮನಸ್ಸಿನಲ್ಲಿರುವುದು. 2020ರ ಮಾರ್ಚಿಯಲ್ಲಿ ನಮ್ಮ ರಾಜ್ಯಕ್ಕೆ ಕಾಲಿಟ್ಟ ಕೋವಿಡ್ ರೋಗಕ್ಕೆ 40,000ಕ್ಕೂ ಹೆಚ್ಚು ಮಂದಿ ಬಲಿಯಾದರೆಂದು ಕಡತವು ತಿಳಿಸುತ್ತದೆ. ಆದರೆ ಬಸ್ಸುಗಳು ನಿಂತುಹೋದ ದಿನಗಳಲ್ಲಿ ತುಂಬು ಗರ್ಭಿಣಿಯನ್ನು ಆಸ್ಪತ್ರೆಗೆ ಹೇಗೆ ಕರೆದೊಯ್ದರು, ಕೂಸಿನ ಚುಚ್ಚುಮದ್ದು ಎಷ್ಟು ದಿನ ತಡವಾಯಿತು, ಬಾಗಿಲು ಮುಚ್ಚಿದ ಮನೆಗೆ ಅಕ್ಕಿಬೇಳೆಯನ್ನು ಯಾರು ತಲುಪಿಸಿದರು ಎಂಬುದನ್ನು ನೀವೇ ಹೇಳಬೇಕು.

1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದಿತು. ಇಕ್ಕಟ್ಟಾದ ಕೇರಿಗಳಿಂದ ಜನರು ಹೊರಬಂದು ನೆಲೆಸಲೆಂದು ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳು ಬೆಳೆದವು. ಹಳ್ಳಿಗರು ಮನೆ ತೊರೆದು ಹೊಲಗಳಲ್ಲಿ ಗುಡಿಸಲು ಕಟ್ಟಿಕೊಂಡರು. ಪ್ಲೇಗಿನಮ್ಮನ ಗುಡಿಗಳು ಇಂದಿಗೂ ಉಳಿದಿವೆ. ಆದರೆ ಆ ಗುಡಿಸಲುಗಳಲ್ಲಿ ಹೆತ್ತ ತಾಯಂದಿರ ಮಾತುಗಳನ್ನು ಬರೆದಿಟ್ಟವರು ವಿರಳ. 1918ರ ಇನ್‌ಫ್ಲುಯೆಂಜಾ ಜ್ವರಕ್ಕೆ ಭಾರತದಲ್ಲಿ ಒಂದು ಕೋಟಿಗೂ ಹೆಚ್ಚು ಜನ ತೀರಿಕೊಂಡರು. ಅದನ್ನು ಕಂಡವರ ಅನುಭವವು ಬಹುಮಟ್ಟಿಗೆ ಅವರೊಡನೆಯೇ ಮಣ್ಣಾಯಿತು.

ಈ ಸಲ ಹಾಗಾಗಬಾರದು. ಲಂಡನ್ ನಗರದ ವಸ್ತುಸಂಗ್ರಹಾಲಯವು 2020ರ ಏಪ್ರಿಲ್‌ನಲ್ಲಿಯೇ ಸಾಮಾನ್ಯ ಜನರ ವಸ್ತುಗಳನ್ನೂ ಅನುಭವಗಳನ್ನೂ ಸಂಗ್ರಹಿಸಲು ಮುಂದಾಯಿತು. ಇಲ್ಲಿಗೆ ಸಮೀಪದಲ್ಲಿ, ಕೃಷಿ ವಿಶ್ವವಿದ್ಯಾನಿಲಯದ ಆವರಣದಲ್ಲಿರುವ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿ 2019ರಲ್ಲಿ ತೆರೆದ ದಾಖಲಾಲಯವು ವಿಜ್ಞಾನಿಗಳ ಕಾಗದಪತ್ರಗಳೊಂದಿಗೆ ಅವರ ಬಾಯಿಮಾತಿನ ನೆನಪುಗಳನ್ನೂ ಕಾಪಾಡುತ್ತಿದೆ. ವಿಜ್ಞಾನಿಯ ಮಾತು ದಾಖಲೆಯಾಗುವುದಾದರೆ, ರೈತನ ಮಾತೂ ಬಾಣಂತಿಯ ಮಾತೂ ಏಕೆ ಆಗಬಾರದು?

ಇದಕ್ಕೆ ದೊಡ್ಡ ಕಟ್ಟಡ ಬೇಕಾಗಿಲ್ಲ. ಮೊದಲಿಗೆ ತಾಯಿ ಕಾರ್ಡು, ಲಸಿಕೆಯ ಪತ್ರ, ಆಸ್ಪತ್ರೆಯ ಚೀಟಿ, ಮನೆಯವರು ತೀರಿಕೊಂಡಿದ್ದಲ್ಲಿ ಮರಣ ಪ್ರಮಾಣಪತ್ರ, ಇವೆಲ್ಲವನ್ನೂ ಒಂದೆಡೆ ಜೋಪಾನ ಮಾಡಿರಿ. ಅನಂತರ ಮನೆಯಲ್ಲಿರುವ ಫೋನಿನಲ್ಲಿ ಧ್ವನಿಯನ್ನು ಹಿಡಿದಿಡಿರಿ. ಹೇಳುವವರ ಹೆಸರು, ಊರು, ದಿನಾಂಕಗಳನ್ನು ಆರಂಭದಲ್ಲಿಯೇ ಹೇಳಿಸಿರಿ. ಪತಿಪತ್ನಿಯರು ಬೇರೆ ಬೇರೆಯಾಗಿ ಮಾತನಾಡುವುದು ಲೇಸು. ಕೂಲಿ ತಪ್ಪಿದ ಚಿಂತೆಯನ್ನು ಗಂಡ ಹೇಳಿದರೆ, ಇದ್ದ ಹಿಟ್ಟನ್ನು ಎಷ್ಟು ಹೊತ್ತಿಗೆ ಹಂಚಿದೆನೆಂಬುದನ್ನು ಹೆಂಡತಿ ಹೇಳಬಹುದು. ಎರಡೂ ಸೇರಿದಾಗಲೇ ಸಂಸಾರದ ಕಥೆ ಪೂರ್ಣವಾಗುವುದು. ಮನೆಮನೆಗೆ ನಡೆದು ಜ್ವರ ವಿಚಾರಿಸಿದ ಆಶಾ ಕಾರ್ಯಕರ್ತೆಯ ಮಾತನ್ನೂ ಮರೆಯದೆ ಕೇಳಿರಿ.

ಒಂದು ಎಚ್ಚರಿಕೆ ಅಗತ್ಯ. ಒಪ್ಪಿಗೆಯಿಲ್ಲದೆ ಯಾರ ಮಾತನ್ನೂ ಹಿಡಿದಿಡಬಾರದು. ನೆರೆಮನೆಯವರ ಕಾಯಿಲೆಯ ವಿಷಯವನ್ನು ಬಯಲು ಮಾಡಬಾರದು. ಆಪ್ತರನ್ನು ಕಳೆದುಕೊಂಡವರು ಮಾತು ನಿಲ್ಲಿಸಿದರೆ ಅಲ್ಲಿಗೇ ಬಿಡಬೇಕು. ಮೂಲ ಕಾಗದಗಳು ಮನೆಯಲ್ಲಿಯೇ ಇರಲಿ. ಮನಸ್ಸೊಪ್ಪಿದರೆ ಕಥನದ ಪ್ರತಿಯೊಂದನ್ನು ಊರಿನ ಶಾಲೆಗೋ ಗ್ರಂಥಾಲಯಕ್ಕೋ ಕೊಡಬಹುದು.

ಇದರಿಂದ ಪ್ರಯೋಜನವೇನೆಂದು ನೀವು ಕೇಳಬಹುದು. ಹೆರಿಗೆಗೆ ವಾಹನ ಸಿಗದೆ ಹತ್ತು ಮನೆಯವರು ಪರದಾಡಿದ ಸಂಗತಿ ಬರಹದಲ್ಲಿದ್ದರೆ, ಮುಂದಿನ ಆಪತ್ತಿಗೆ ಮೊದಲೇ ವಾಹನದ ಏರ್ಪಾಡಾಗಲೆಂದು ಗ್ರಾಮಸಭೆಯಲ್ಲಿ ಆಧಾರಸಹಿತ ಕೇಳಬಹುದು. ಲಸಿಕೆಗೆ ಅಂಜಿ ಹಿಂಜರಿದವರು ಆಮೇಲೆ ಏಕೆ ಒಪ್ಪಿದರೆಂಬುದು ತಿಳಿದಿದ್ದರೆ, ನಾಳೆ ಹಿಂಜರಿಯುವವರಿಗೆ ಅದೇ ಧೈರ್ಯ ನೀಡುತ್ತದೆ. ಅಂದು ತೊಟ್ಟಿಲಲ್ಲಿದ್ದ ಮಗು ಇಂದು ಶಾಲೆಗೆ ಹೋಗುತ್ತಿದೆ. ತಾನು ಹುಟ್ಟಿದ ಕಾಲ ಹೇಗಿತ್ತೆಂದು ಅದು ಕೇಳುವ ಮೊದಲೇ, ನಿಮ್ಮ ನೆನಪು ಮಾಸುವ ಮೊದಲೇ, ಈ ಕೆಲಸವನ್ನು ಕೈಗೊಳ್ಳಿರೆಂದು ಪ್ರಾರ್ಥಿಸುತ್ತೇನೆ.