ಹಾಜರಿಯೆಂಬ ಕಲೆ



ಶತಮಾನೋತ್ಸವದ ನಿಮಿತ್ತ ಹಳೆಯ ಹಾಜರಿ ಪುಸ್ತಕಗಳನ್ನು ಹೊರತೆಗೆದಿರುವ ಈ ದಿನಗಳಲ್ಲಿ, ತೈವಾನಿನಲ್ಲಿ ಜನಿಸಿ ನ್ಯೂಯಾರ್ಕಿನಲ್ಲಿ ನೆಲೆಸಿದ ಕಲಾವಿದ ತೆಹ್‌ಚಿಂಗ್ ಷಿಯೆ ಅವರು ನಮಗೆ ನೆನಪಾಗುತ್ತಾರೆ. 1980ರ ಏಪ್ರಿಲ್ 11ರಿಂದ ಒಂದು ವರ್ಷ, ಹಗಲಿರುಳೆನ್ನದೆ, ಗಂಟೆಗೊಮ್ಮೆ ಕಾರ್ಖಾನೆಯ ಹಾಜರಿ ಗಡಿಯಾರದಲ್ಲಿ ಚೀಟಿ ಒತ್ತುವುದೇ ಅವರ ಪ್ರದರ್ಶನವಾಗಿತ್ತು. ಪ್ರತಿ ಬಾರಿಯೂ ತಮ್ಮದೊಂದು ಚಿತ್ರ ತೆಗೆಯುತ್ತಿದ್ದರು. ಬೋಳಾಗಿದ್ದ ತಲೆಯಲ್ಲಿ ಕೂದಲು ಹೆಗಲವರೆಗೆ ಇಳಿಯುವುದನ್ನು ಆ ಚಿತ್ರಸುರುಳಿ ಕೆಲವೇ ನಿಮಿಷಗಳಲ್ಲಿ ತೋರಿಸುತ್ತದೆ. ಇದು ಕಲೆಯೇ ಎಂದು ಕೇಳುವವರಿದ್ದಾರೆ. ಕಾಸರಗೋಡಿನ ಬಯಲಾಟಗಳಲ್ಲಿ ಬೆಳಗಿನವರೆಗೆ ಕುಳಿತವರು ಅಷ್ಟು ಬೇಗ ಕೇಳಲಾರರು.

8,760 ಗಂಟೆಗಳಲ್ಲಿ 133 ತಪ್ಪಿದವು. ಅವನ್ನವರು ಮರೆಮಾಚಲಿಲ್ಲ: ನಿದ್ದೆಯಿಂದ 94, ತಡವಾಗಿ 29, ಅವಧಿಗೆ ಮೊದಲೇ 10 ಎಂದು ಲೆಕ್ಕ ಒಪ್ಪಿಸಿದರು. ನಮ್ಮನ್ನು ಹಿಡಿದು ನಿಲ್ಲಿಸುವುದು ಈ ಲೆಕ್ಕವೇ. ನಮ್ಮ ಪುಸ್ತಕಗಳಲ್ಲಿ ಗೈರುಹಾಜರಿಗೆ ಚಿಹ್ನೆಯಿದೆ, ಕಾರಣವಿಲ್ಲ. ಅದು ನಾಟಿಯ ದಿನವೋ, ಹೊಳೆ ಉಕ್ಕಿದ ದಿನವೋ, ಮನೆಯಲ್ಲಿ ಅಕ್ಕಿಯಿಲ್ಲದ ದಿನವೋ? ಬಲ್ಲ ಹಿರಿಯರು ಈ ಸಭೆಯಲ್ಲಿಯೇ ಇದ್ದಾರೆ. ಪುಸ್ತಕಗಳನ್ನು ಕಚೇರಿಯ ಮೇಜಿನ ಮೇಲೆ ಇರಿಸಿದ್ದೇವೆ. ಪಕ್ಕದಲ್ಲಿ ಖಾಲಿ ನೋಟುಪುಸ್ತಕವೂ ಇದೆ. ತಮ್ಮ ಗೈರುಹಾಜರಿಯ ಕಾರಣಗಳನ್ನು ಅದರಲ್ಲಿ ಬರೆದುಕೊಡಬೇಕಾಗಿ ವಿನಂತಿಸುತ್ತೇವೆ.